ಪಾರ್ಕ್ ಪತ್ರಗಳು: ಎಲೆಯ ಹೊಗೆ, ಒಣಗಿದ ಬೋರು, ಬೀಗ ಹಾಕಿದ ಗೇಟು

ನಿಮ್ಮ ಬಡಾವಣೆಯ ಪಾರ್ಕಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಹೇಳಿದ್ದೆ. ನಾಲ್ಕೈದು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಬಂದಿದ್ದು ಒಂದು ಚೀಲ! ಅದರಲ್ಲಿ ಅರ್ಧ ಪ್ರಶ್ನೆ, ಇನ್ನರ್ಧ ಪಕ್ಕದ ಮನೆಯವರ ಮೇಲಿನ ದೂರು. ದೂರುಗಳನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ತೋಟಗಾರಿಕೆ ಓದಿದವಳಲ್ಲ. ದಕ್ಷಿಣ ಬೆಂಗಳೂರಿನ ಮುಕ್ಕಾಲು ಎಕರೆಯ ಒಂದು ಪಾರ್ಕಿನಲ್ಲಿ ಹನ್ನೊಂದು ವರ್ಷದಿಂದ ಕೈ ಮಣ್ಣು ಮಾಡಿಕೊಳ್ಳುತ್ತಿದ್ದೇನೆ, ಅಷ್ಟೇ.

ನಮ್ಮ ಪಾರ್ಕಿನ ಮಾಲಿ ದಿನಾ ಬೆಳಿಗ್ಗೆ ಎಲೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಾನೆ. ನಮ್ಮ ಅತ್ತೆಗೆ ಉಬ್ಬಸ. ಕಿಟಕಿ ತೆಗೆಯುವ ಹಾಗಿಲ್ಲ. ಎಷ್ಟು ಸಲ ಬೈದರೂ ಕೇಳುವುದಿಲ್ಲ. ಯಾರಿಗೆ ದೂರು ಕೊಡಬೇಕು?
— ಗೃಹಿಣಿ, ವಿಜಯನಗರ, ಬೆಂಗಳೂರು

ದೂರು ಕೊಡಬಹುದು. ಬಯಲಲ್ಲಿ ಕಸ ಸುಡುವ ಹಾಗಿಲ್ಲ ಅಂತ ಘನತ್ಯಾಜ್ಯ ನಿಯಮಗಳಲ್ಲೇ ಇದೆ. ಪಾರ್ಕಿನ ಎಲೆ, ಕಡ್ಡಿಯನ್ನು ಆದಷ್ಟೂ ಪಾರ್ಕಿನಲ್ಲೇ ಗೊಬ್ಬರ ಮಾಡಬೇಕು ಅಂತಲೂ ಅದರಲ್ಲಿ ಹೇಳಿದ್ದಾರೆ. ಆದರೆ ದೂರು ಕೊಡುವ ಮೊದಲು ಒಂದು ದಿನ ಒಂದು ಲೋಟ ಕಾಫಿ ತೆಗೆದುಕೊಂಡು ಹೋಗಿ, ಅವರು ಯಾಕೆ ಸುಡುತ್ತಾರೆ ಅಂತ ಕೇಳಿ.

ನಾವು ಕೇಳಿದ್ದು ಮೂರು ವರ್ಷ ಜಗಳ ಆಡಿದ ಮೇಲೆ. ನಮ್ಮ ಮಾಲಿ ಹೇಳಿದ್ದು ಇಷ್ಟು: 'ಅಮ್ಮಾ, ಗುತ್ತಿಗೆದಾರರು ಬಂದಾಗ ನೆಲ ಚೊಕ್ಕಟ ಇರಬೇಕು. ಕಸದ ಆಟೋದವರು ಎಲೆ ತಗೊಳ್ಳಲ್ಲ. ಚೀಲ ಕೊಡೋರಿಲ್ಲ. ನಾನೇನು ಮನೆಗೆ ತಗೊಂಡು ಹೋಗ್ಲಾ?' ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎಲೆ ಇಡುವುದಕ್ಕೆ ಒಂದು ಜಾಗವನ್ನೇ ಕೊಡದೆ 'ಸುಡಬೇಡ' ಅಂದರೆ ಆ ಮನುಷ್ಯ ಏನು ಮಾಡಬೇಕು?

ಜಾಗ ಮಾಡಿಕೊಡುವುದು ಕಷ್ಟ ಏನಲ್ಲ. ನಾಲ್ಕು ಕಬ್ಬಿಣದ ಕಂಬ ನೆಟ್ಟು ಸುತ್ತ ಕೋಳಿ ಜಾಲರಿ ಕಟ್ಟಿ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ ಸಾಕು. ತಳಕ್ಕೆ ಗಾಳಿ ಆಡುವ ಹಾಗೆ ದಪ್ಪ ಕಡ್ಡಿಗಳು. ಮೇಲೆ ಒಂದಡಿ ಎಲೆ, ಅದರ ಮೇಲೆ ಒಂದು ಬಕೆಟ್ ಸಗಣಿ ನೀರು. ಸಗಣಿ ಸಿಗದಿದ್ದರೆ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕಿ, ನಡೆಯುತ್ತದೆ. ಹೀಗೇ ಪದರ ಪದರವಾಗಿ ತುಂಬುತ್ತಾ ಹೋಗಿ. ತೇವ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಳಗಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಅಂಗೈ ಒದ್ದೆ ಆಗಬೇಕು, ಹನಿ ಬೀಳಬಾರದು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ಹೊಂಗೆ, ಮಳೆಮರದಂಥ ತೆಳು ಎಲೆಗಳು ಮೂರು ನಾಲ್ಕು ತಿಂಗಳಲ್ಲಿ ಕರಗುತ್ತವೆ. ಮಾವು, ಹಲಸಿನ ಎಲೆ ಸ್ವಲ್ಪ ಹಟದವು, ಆರು ತಿಂಗಳು ಅಥವಾ ಇನ್ನೂ ಜಾಸ್ತಿ ಹಿಡಿಯಬಹುದು.

ನಾವು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ಮೊದಲ ಮಳೆಗಾಲದಲ್ಲಿ ಜಾಲರಿಯ ಮೇಲೆ ಏನೂ ಮುಚ್ಚಲಿಲ್ಲ. ಎಲೆಯೆಲ್ಲ ಕೊಳೆತು ಮುದ್ದೆಯಾಗಿ ಎಂಥ ನಾತ ಬಂತು ಅಂದರೆ ಎದುರು ಮನೆಯವರು ಚರಂಡಿ ಒಡೆದಿದೆ ಅಂದುಕೊಂಡು ಪ್ಲಂಬರ್‌ನ ಕರೆಸಿಬಿಟ್ಟರು! ಈಗ ಮಳೆ ಬಂದರೆ ಹಳೇ ಗೋಣಿಚೀಲದ ಮೇಲೆ ಟಾರ್ಪಾಲು ಹೊದಿಸುತ್ತೇವೆ. ಎರಡನೇ ತಪ್ಪು, ಅಡುಗೆ ಮನೆ ಕಸ ಹಾಕಲು ಬಿಟ್ಟಿದ್ದು. ವಾರದೊಳಗೆ ಹೆಗ್ಗಣ ಬಂದವು. ಅದಕ್ಕೇ ಈಗ ಎಲೆ ಬಿಟ್ಟು ಬೇರೇನೂ ಹಾಕಬೇಡಿ ಅಂತ ದೊಡ್ಡದಾಗಿ ಬರೆಸಿದ್ದೇವೆ. ಹಾವು ಸೇರಿಕೊಳ್ಳುತ್ತದೆ ಅನ್ನುವ ಭಯ ಎಲ್ಲ ಕಡೆ ಇದೆ. ನಮ್ಮಲ್ಲಿ ಇದುವರೆಗೆ ಸಿಕ್ಕಿದ್ದು ಒಂದು ಓತಿಕ್ಯಾತ. ಆದರೂ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ.

ಇನ್ನೊಂದು ಮಾತು. ಗೊಬ್ಬರ ಜರಡಿ ಹಿಡಿದು ಚೀಲಕ್ಕೆ ತುಂಬುವುದು ಮಾಲಿಗೆ ಜಾಸ್ತಿ ಕೆಲಸ. ಮಿಕ್ಕ ಗೊಬ್ಬರವನ್ನು ಮನೆ ಕುಂಡಗಳಿಗೆ ಮಾರಿದಾಗ ಬರುವ ದುಡ್ಡನ್ನು ಅವರ ಕೈಗೇ ಕೊಡಿ. ನಮ್ಮಲ್ಲಿ ಬೆಂಕಿ ನಿಂತಿದ್ದು ಯಾವ ನಿಯಮದಿಂದಲೂ ಅಲ್ಲ, ಹೀಗೆ ಕೊಡಲು ಶುರು ಮಾಡಿದ ಮೇಲೆ.

ಪಾರ್ಕಿನ ಬೋರ್‌ವೆಲ್ ಒಣಗಿ ಎರಡು ವರ್ಷ ಆಯಿತು. ಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟು ಹೋಗುತ್ತದೆ. ಇನ್ನೊಂದು ಬೋರ್ ಕೊರೆಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಸರಿಯಾ?
— ನಿವೃತ್ತ ಬ್ಯಾಂಕ್ ನೌಕರರು, ರಾಜರಾಜೇಶ್ವರಿ ನಗರ

ಅರ್ಜಿ ವಾಪಸ್ ತೆಗೆದುಕೊಳ್ಳಿ ಅಂದರೆ ಕೋಪ ಬರುತ್ತದೇನೋ. ಆದರೂ ಅದನ್ನೇ ಹೇಳುತ್ತೇನೆ.

ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ 4,000 ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಒಂದು ಎಕರೆ ಪಾರ್ಕಿನ ಮೇಲೆ ವರ್ಷಕ್ಕೆ 39 ಲಕ್ಷ ಲೀಟರ್ ನೀರು ಬಿಟ್ಟಿ ಬೀಳುತ್ತದೆ. ನಮ್ಮ ಪಾರ್ಕುಗಳಲ್ಲಿ ಅದರಲ್ಲಿ ಬಹುಪಾಲು ಟೈಲ್ಸ್ ಮೇಲೆ ಹರಿದು, ಗೇಟಿನಿಂದ ಆಚೆ ಹೋಗಿ, ಮೋರಿ ಸೇರುತ್ತದೆ. ಆಮೇಲೆ ಮಾರ್ಚ್‌ನಲ್ಲಿ ನಾವು ಟ್ಯಾಂಕರ್‌ಗೆ ಫೋನ್ ಮಾಡುತ್ತೇವೆ.

ಬೋರ್ ಬದಲು ಇಂಗುಬಾವಿ, ಅಂದರೆ ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಬಾವಿ, ತೋಡಿಸಿ. ಮೂರಡಿ ಅಗಲ, ಇಪ್ಪತ್ತರಿಂದ ಮೂವತ್ತು ಅಡಿ ಆಳ, ಒಳಗೆ ಸಿಮೆಂಟ್ ರಿಂಗು. ಇದನ್ನು ತೋಡುವುದು ಮಣ್ಣು ವಡ್ಡರ ಕಸುಬು. ಯಂತ್ರ ಇಲ್ಲದೆ, ಹಾರೆ, ಗುದ್ದಲಿ, ಹಗ್ಗದಲ್ಲೇ ಇಳಿಯುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿ ಸತ್ತೇ ಹೋಗಿದ್ದ ಹಳೇ ತೆರೆದ ಬಾವಿಗಳಿಗೆ ಮತ್ತೆ ಜೀವ ಬಂದಿದ್ದು ಇವರ ಕೈಯಿಂದಲೇ. ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕಿನಲ್ಲೂ ಹತ್ತಾರು ಇಂಗುಬಾವಿಗಳಿವೆ, ಒಂದು ಭಾನುವಾರ ಹೋಗಿ ನೋಡಿಕೊಂಡು ಬನ್ನಿ.

ನಮ್ಮಲ್ಲಿ ತೋಡಲು ಬಂದ ಹಿರಿಯರು ಜಾಗ ಹುಡುಕಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಾವು ನಕ್ಷೆ ಹಿಡಿದು ನಿಂತಿದ್ದೆವು. ಅವರು ಅದನ್ನು ನೋಡಲೂ ಇಲ್ಲ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ ಅಂತ ಮಾಲಿಯನ್ನು ಕೇಳಿ, ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲ ಒತ್ತಿ ನೋಡಿದರು. 'ಇಲ್ಲೇ' ಅಂದರು. ಅಷ್ಟೇ. ಹದಿನೆಂಟನೇ ಅಡಿಗೆ ಮಣ್ಣು ಒದ್ದೆಯಾಗಿತ್ತು.

ಎರಡು ಎಚ್ಚರಿಕೆ. ನೀರು ಬಾವಿಗೆ ಬೀಳುವ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ನಿಂತು ಹೂಳು ಕೆಳಗಿಳಿಯಬೇಕು, ಇಲ್ಲದಿದ್ದರೆ ಬಾವಿ ಬೇಗ ಕಟ್ಟಿಕೊಳ್ಳುತ್ತದೆ. ಆ ತೊಟ್ಟಿಯನ್ನು ಮೇ ತಿಂಗಳಲ್ಲಿ ಯಾರು ತೊಳೆಯುತ್ತಾರೆ ಅನ್ನುವುದನ್ನು ಬಾವಿ ತೋಡುವ ಮೊದಲೇ ತೀರ್ಮಾನ ಮಾಡಿ. ಇನ್ನೊಂದು, ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು, ಮಕ್ಕಳು ಓಡಾಡುವ ಜಾಗ.

ಇಂಗುಬಾವಿ ತೋಡಿದ ವರ್ಷವೇ ಬೋರ್ ತುಂಬುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿಯ ತನಕ ಶುದ್ಧೀಕರಿಸಿದ ಕೊಳಚೆ ನೀರು ತರಿಸಿ. 2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ವರ್ಷ ನಾವು ಹುಲ್ಲುಹಾಸಿನ ಆಸೆ ಬಿಟ್ಟೆವು. ಮರದ ಬುಡಕ್ಕೆಲ್ಲ ನಾಲ್ಕು ಬೆರಳು ದಪ್ಪ ಎಲೆ ಹೊದಿಸಿದೆವು. ಹುಲ್ಲು ಸತ್ತಿತು, ಮರಗಳು ಒಂದೂ ಸಾಯಲಿಲ್ಲ. ಹುಲ್ಲು ಸತ್ತ ಜಾಗದಲ್ಲಿ ಈಗ ಮಕ್ಕಳು ಗೋಲಿ ಆಡುತ್ತಾರೆ.

ನಮ್ಮ ಪಾರ್ಕ್ 'ಅಭಿವೃದ್ಧಿ'ಗೆ ದುಡ್ಡು ಬಂದಿದೆಯಂತೆ. ಕಾರಂಜಿ, ಹೊಸ ಟೈಲ್ಸ್, ಕಮಾನು, ಸಿಮೆಂಟಿನ ಜಿಂಕೆ. ಬೇಡ ಅಂದರೆ ಅಭಿವೃದ್ಧಿ ವಿರೋಧಿ ಅನ್ನುತ್ತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಸಿಮೆಂಟಿನ ಜಿಂಕೆಗೆ ನೀರು ಹಾಕಬೇಕಿಲ್ಲ, ಅದಕ್ಕೇ ಇರಬೇಕು ಎಲ್ಲರಿಗೂ ಅದರ ಮೇಲೆ ಅಷ್ಟು ಪ್ರೀತಿ.

ಪೂರ್ತಿ ಬೇಡ ಅನ್ನಬೇಡಿ, ಅಂದಾಜುಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದು ಕೈಗೆ ಬಂದ ಮೇಲೆ ಸಾಲು ಸಾಲಾಗಿ ಕೂತು ಓದಿ. ಕಾರಂಜಿಯ ದುಡ್ಡಿನಲ್ಲಿ ಶೌಚಾಲಯ ಆಗುತ್ತದಾ? ಟೈಲ್ಸ್ ಬದಲು ಗಟ್ಟಿ ಮಾಡಿದ ಮಣ್ಣಿನ ದಾರಿ ಆಗುತ್ತದಾ? ಮಂಡಿ ನೋವಿನವರನ್ನು ಕೇಳಿ ನೋಡಿ, ಮಣ್ಣಿನ ದಾರಿಯೇ ಹಿತ ಅನ್ನುತ್ತಾರೆ. ಮಳೆಯಲ್ಲಿ ಜಾರುವ ಟೈಲ್ಸ್ ಮೇಲೆ ನಮ್ಮಲ್ಲಿ ಇಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದಾರೆ.

ಒಂದರ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮರದ ಬುಡದ ತನಕ ಕಾಂಕ್ರೀಟ್ ಸುರಿಯಲು ಬಿಡಬೇಡಿ. ದೆಹಲಿಯ ಮರಗಳ ವಿಚಾರದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂದಿದೆ. ಟೇಪು ಹಿಡಿದುಕೊಂಡೇ ಹೋಗಿ. ಕೆಲಸ ಶುರುವಾದ ಮೇಲೆ ಹೋದರೆ ಸಿಮೆಂಟ್ ಗಟ್ಟಿಯಾಗಿರುತ್ತದೆ.

ಅಂದ ಹಾಗೆ ನಮ್ಮ ಪಾರ್ಕಿನಲ್ಲೂ ಒಂದು ಕಾರಂಜಿ ಇದೆ. ಉದ್ಘಾಟನೆ ದಿನ ಚಿಮ್ಮಿತು, ಮಾರನೇ ದಿನ ಚಿಮ್ಮಿತು, ಮೂರನೇ ದಿನ ಮೋಟಾರ್ ಸುಟ್ಟಿತು. ಆಮೇಲೆ ಸೊಳ್ಳೆ. ಈಗ ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ಹಾಕಿದ್ದೇವೆ. ಶೀತ ಆದವರೆಲ್ಲ ಎರಡೆಲೆ ಕಿತ್ತುಕೊಂಡು ಹೋಗುತ್ತಾರೆ.

ಪಾರ್ಕಿನ ಒಂದು ಮೂಲೆಯಲ್ಲಿ ಕಟ್ಟಡ ಕಟ್ಟಲು ಹೊರಟಿದ್ದಾರೆ. 'ಒಳ್ಳೇ ಕೆಲಸಕ್ಕೆ ತಾನೇ' ಅನ್ನುತ್ತಾರೆ. ತಡೆಯಬಹುದಾ?
— ಹೆಸರು ಬೇಡ, ಬೆಂಗಳೂರು

ಖಂಡಿತ ತಡೆಯಬಹುದು, ಮೊದಲೇ ಎಚ್ಚೆತ್ತುಕೊಂಡರೆ. ಬೆಂಗಳೂರಿನದೇ ರಾಜಮಹಲ್ ವಿಲಾಸ್ ಬಡಾವಣೆಯ ಕಥೆ ಗೊತ್ತಾ? ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿದ್ದರು. ಬಡಾವಣೆಯ ಜನ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು, ಆಮೇಲೆ ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಜನರ ಪರವೇ ನಿಂತಿತು. ಕೋರ್ಟಿಗೆ ಹೋದವರಲ್ಲಿ ಒಬ್ಬರಾದ ಬಿ.ಎಸ್. ಮುದ್ದಪ್ಪ ಅವರ ಹೆಸರಿನ ಈ ತೀರ್ಪನ್ನು ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ಜಗಳ ಆದರೂ ಇವತ್ತಿಗೂ ಎತ್ತಿ ತೋರಿಸುತ್ತಾರೆ. ಆಸ್ಪತ್ರೆ ಕೆಟ್ಟ ಕೆಲಸ ಅಂತ ಕೋರ್ಟ್ ಹೇಳಲಿಲ್ಲ. ಪಾರ್ಕಿಗೆ ಬಿಟ್ಟ ಜಾಗವನ್ನು ಅದಕ್ಕೆ ಕೊಡುವ ಹಾಗಿಲ್ಲ ಅಂದಿತು. ಪಕ್ಕದಲ್ಲಿ ವಾಸ ಇರುವವರಿಗೆ ಇದನ್ನು ಪ್ರಶ್ನೆ ಮಾಡುವ ಹಕ್ಕು ಇದೆ ಅಂತಲೂ ಒಪ್ಪಿತು.

ಅದೂ ಅಲ್ಲದೆ ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು 1985ರ ಕಾಯ್ದೆಯೇ ಇದೆ. ಮೊದಲು ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿ ತೆಗೆಸಿ. ಅದರಲ್ಲಿ ಆ ಜಾಗ ಪಾರ್ಕ್ ಅಂತ ಇದ್ದರೆ ನಿಮ್ಮ ಕೈ ಗಟ್ಟಿ. ಮರ ಕಡಿಯಲು ಬಂದರೆ ಮರ ಅಧಿಕಾರಿಯ ಅನುಮತಿ ಪತ್ರ ತೋರಿಸಿ ಅನ್ನಿ, ಅದು 1976ರ ಮರಗಳ ಕಾಯ್ದೆಯ ಮಾತು. ಫೋಟೋ ತೆಗೆದಿಡಿ, ಇವತ್ತೇ.

ಬೆಳಿಗ್ಗೆ ಐದೂವರೆಗೆ ಸ್ಪೀಕರ್ ಹಾಕಿ ಯೋಗ. ಆಮೇಲೆ ನಗೆ ಕೂಟ. ಮಗುವಿಗೆ ನಿದ್ದೆ ಇಲ್ಲ, ನನಗೆ ನಗು ಇಲ್ಲ.
— ಹೊಸ ತಾಯಿ, ಶಿವಮೊಗ್ಗ

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಆರರ ನಂತರವೂ ಅನುಮತಿ ಬೇಕು. ಮನೆಗಳಿರುವ ಕಡೆ ಹಗಲಿಗೆ 55 ಡೆಸಿಬೆಲ್ ಮಿತಿ. ನಗುವುದಕ್ಕೆ ಸ್ಪೀಕರ್ ಯಾಕೆ ಬೇಕು ಅಂತ ನನಗೆ ಇದುವರೆಗೂ ಅರ್ಥ ಆಗಿಲ್ಲ. 1995ರಲ್ಲಿ ಮುಂಬೈಯ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಮೊದಲ ನಗೆ ಕೂಟ ಶುರು ಮಾಡಿದಾಗ ಇದ್ದವರು ಐದೇ ಜನ. ಮಗುವನ್ನು ಎತ್ತಿಕೊಂಡು ಹೋಗಿ ಆ ಹಿರಿಯರ ಮುಂದೆ ನಿಲ್ಲಿ. 'ಅಂಕಲ್, ಇವನು ಈಗಷ್ಟೇ ಎದ್ದ' ಅನ್ನಿ. ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿ ಸಂಜೆ ನಾಲ್ಕಕ್ಕೆ ತೆಗೆಯುತ್ತಾರೆ. 'ಆಟ ಆಡಬಾರದು' ಅಂತ ಬೋರ್ಡು ಬೇರೆ. ನಮ್ಮ ಸಂಘದವರು ಬೇಕಾದವರು ಬೇಡದವರೆಲ್ಲ ಬಂದು ಕೂರುತ್ತಾರೆ, ಅದಕ್ಕೇ ಬೀಗ ಅನ್ನುತ್ತಾರೆ. ನನಗೆ ಸರಿ ಕಾಣುವುದಿಲ್ಲ.
— ಶಾಲಾ ಶಿಕ್ಷಕರು, ಬನಶಂಕರಿ

ನನಗೂ ಸರಿ ಕಾಣುವುದಿಲ್ಲ. ಈ ಪತ್ರಕ್ಕೆ ಕಾದಿದ್ದೆ.

ಬೇಡದವರು ಅಂದರೆ ಯಾರು? ಒಂದು ಮಧ್ಯಾಹ್ನ ನಮ್ಮ ಪಾರ್ಕಿನ ಗೇಟಿನ ಹೊರಗೆ ನಿಂತು ಲೆಕ್ಕ ಹಾಕಿದೆ. ಎರಡು ಮನೆಯ ಕೆಲಸ ಮುಗಿಸಿ ಮೂರನೇ ಮನೆಗೆ ಹೋಗುವ ನಡುವೆ ಬಿಡುವಿದ್ದ ಹೆಂಗಸು, ಫುಟ್‌ಪಾತಿನ ಮೇಲೆ ಕೂತು ಡಬ್ಬಿ ತೆಗೆದಿದ್ದರು. ಊಟ ತಲುಪಿಸುವ ಹುಡುಗರು ನಾಲ್ಕು ಜನ, ಬೈಕಿನ ಮೇಲೇ ತಲೆ ಇಟ್ಟು ನಿದ್ದೆ. ಒಬ್ಬ ಆಟೋ ಚಾಲಕರು. ಕಟ್ಟಡ ಕೆಲಸದವರ ಇಬ್ಬರು ಮಕ್ಕಳು. ಒಳಗೆ ಹನ್ನೆರಡು ಬೆಂಚು, ಅಷ್ಟೂ ಖಾಲಿ. ಹೊಂಗೆ ನೆರಳು ಇಳಿಬಿದ್ದಿದೆ, ಬೀಗದ ಹಿಂದೆ.

ನಾನು ಇದನ್ನು ಸಂಘದ ಸಭೆಯಲ್ಲಿ ಎತ್ತಿದಾಗ ಒಬ್ಬರು, ತೀರಾ ಒಳ್ಳೆಯವರೇ, 'ಮೇಡಂ, ನಾಳೆ ಪ್ರೇಮಿಗಳು ಬರ್ತಾರೆ' ಅಂದರು. ಬರಲಿ ಬಿಡಿ ಅಂದೆ. ಸಭೆ ಅಲ್ಲಿಗೇ ಮುಗಿಯಿತು. ಆದರೆ ಮೂರು ತಿಂಗಳು ಪ್ರಯೋಗ ಮಾಡೋಣ ಅಂತ ಕೊನೆಗೆ ಒಪ್ಪಿದರು. 2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರ ತನಕ ತೆರೆದಿಡಬೇಕು ಅಂತ ಸರ್ಕಾರವೇ ಹೇಳಿದ್ದು ನಮಗೆ ನೆರವಾಯಿತು. ಅದನ್ನು ನಿಮ್ಮ ಸಂಘಕ್ಕೂ ನೆನಪಿಸಿ.

ಆ ಮೂರು ತಿಂಗಳಲ್ಲಿ ಕಳ್ಳತನ ಆಗಿದ್ದು ಒಂದು ಪೈಪು. ಅದೂ ರಾತ್ರಿ, ಗೇಟು ಹಾಕಿದ್ದಾಗ. ಡಬ್ಬಿ ತರುತ್ತಿದ್ದ ಆ ಹೆಂಗಸು ಈಗ ಮಧ್ಯಾಹ್ನ ಸಣ್ಣ ಗಿಡಗಳಿಗೆ ನೀರು ಹಾಕುತ್ತಾರೆ. ಯಾರೂ ಹೇಳಿಲ್ಲ.

ಆಟದ ವಿಷಯಕ್ಕೆ ಬಂದರೆ, ಕ್ರಿಕೆಟ್ ಚೆಂಡು ಅಜ್ಜಿಯರಿಗೆ ತಗಲುತ್ತದೆ ಅನ್ನುವುದು ಸುಳ್ಳಲ್ಲ. ನಾವು ಮಕ್ಕಳನ್ನೇ ಕೂರಿಸಿ ಕೇಳಿದೆವು. ಅವರು ಮಾಡಿದ ನಿಯಮ: ರಬ್ಬರ್ ಚೆಂಡು ಮಾತ್ರ, ಚೆಂಡು ಪುಟಿಯದೇ ಬೇಲಿ ದಾಟಿದರೆ ಔಟ್, ಸಂಜೆ ಐದೂವರೆಯಿಂದ ಆರೂವರೆ ಅಜ್ಜ ಅಜ್ಜಿಯರ ಸಮಯ. ನಮ್ಮ ನಿಯಮಕ್ಕಿಂತ ಬಿಗಿಯಾಗಿತ್ತು! ಬೋರ್ಡು ತೆಗೆಸಿದೆವು.

ಪ್ರತಿ ಜೂನ್ 5ಕ್ಕೆ ನಮ್ಮ ಯುವಕ ಮಂಡಳಿಯವರು ನೂರು ಸಸಿ ನೆಡುತ್ತೇವೆ. ಮುಂದಿನ ಜೂನ್‌ಗೆ ಹತ್ತೂ ಇರುವುದಿಲ್ಲ.
— ಹುಬ್ಬಳ್ಳಿಯ ಓದುಗರು

ಈ ಸಲ ಹತ್ತೇ ನೆಡಿ. ಎರಡಡಿ ಆಳ, ಎರಡಡಿ ಅಗಲದ ಗುಂಡಿ, ಮೇಲ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಗೂಟ ಕಟ್ಟಿ, ಸುತ್ತ ಬೇಲಿ. ಫೋಟೋಗೆ ನಿಲ್ಲುವವರನ್ನೆಲ್ಲ 'ಫೆಬ್ರವರಿಯಲ್ಲಿ ಯಾವ ವಾರ ನೀರು ಹಾಕ್ತೀರಿ' ಅಂತ ಕೇಳಿ ಹೆಸರು ಬರೆದುಕೊಳ್ಳಿ. ಎರಡು ಬೇಸಿಗೆ ದಾಟಿದರೆ ಗಿಡ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ, ಸಂಪಿಗೆ ಆರಿಸಿ. ನೇರಳೆಯನ್ನು ಮಾತ್ರ ನಡೆಯುವ ದಾರಿಯ ಪಕ್ಕ ನೆಡಬೇಡಿ, ಹಣ್ಣಿನ ಕಾಲದಲ್ಲಿ ಚಪ್ಪಲಿಯೆಲ್ಲ ನೇರಳೆ. ಬೇಗ ಹಸಿರಾಗುತ್ತದೆ ಅಂತ ಕೋನೋಕಾರ್ಪಸ್ ಅನ್ನುವ ವಿದೇಶಿ ಗಿಡ ಕೊಡಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧ ಮಾಡಿದರು.

ಪಾರ್ಕಿನ ಅಶ್ವತ್ಥ ಮರದ ಬುಡದಲ್ಲಿ ಜನ ಹಳೇ ದೇವರ ಫೋಟೋ ತಂದು ಇಟ್ಟು ಹೋಗುತ್ತಾರೆ. ಗಾಜು ಒಡೆದು ಮಕ್ಕಳ ಕಾಲಿಗೆ ಚುಚ್ಚುತ್ತದೆ. ಎಸೆಯಲು ಯಾರಿಗೂ ಧೈರ್ಯ ಇಲ್ಲ. ಏನು ಮಾಡುವುದು?
— ಮಹಿಳಾ ಸಂಘದವರು, ದಾವಣಗೆರೆ

ಅಯ್ಯೋ, ಇದು ಎಲ್ಲೂರ ಕಥೆ. ನಮ್ಮಲ್ಲಿ ಒಂದು ಸಲ ಎಣಿಸಿದಾಗ ನಲವತ್ತೊಂದು ಫೋಟೋ ಇತ್ತು. ಅದರಲ್ಲಿ ಲಕ್ಷ್ಮಿಯರೇ ಹದಿನೇಳು. ದುಡ್ಡು ಬೇಡದವರು ಇಷ್ಟು ಜನ ಇದ್ದಾರಲ್ಲ ಅಂತ ನಮ್ಮ ಮಾಲಿ ನಕ್ಕರು.

ಬೈಯುವ ಬೋರ್ಡು ಹಾಕಿ ನೋಡಿದೆವು, ಬೋರ್ಡಿಗೇ ಒರಗಿಸಿ ಇಟ್ಟು ಹೋದರು. ಆಮೇಲೆ ಮರದಿಂದ ದೂರ ಒಂದು ಮರದ ಪೆಟ್ಟಿಗೆ ಇಟ್ಟೆವು. 'ಹಳೇ ಫೋಟೋ ಇಲ್ಲಿಡಿ, ತಿಂಗಳ ಕೊನೇ ಶನಿವಾರ ಬಿಚ್ಚುತ್ತೇವೆ, ನೀವೂ ಬನ್ನಿ' ಅಂತ ಬರೆದೆವು. ಆ ದಿನ ನಾಲ್ಕೈದು ಜನ ಚಾಪೆ ಹಾಸಿ ಕೂರುತ್ತೇವೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಮೊದಲು ಹಿಂದಿನ ಮೊಳೆ ಕೀಳಬೇಕು, ಆಮೇಲೆ ರಟ್ಟು, ಕೊನೆಗೆ ಗಾಜು. ಗಾಜು ಗುಜರಿಯವರಿಗೆ. ಗಟ್ಟಿ ಇರುವ ಚೌಕಟ್ಟನ್ನು ಪಕ್ಕದ ಬೀದಿಯ ಬಡಗಿ ಒಯ್ಯುತ್ತಾರೆ. ಚಿತ್ರಗಳನ್ನು ನಮ್ಮ ಗುಂಪಿನ ಹಿರಿಯ ಅಜ್ಜಿಯೊಬ್ಬರು ನೀರಿನ ಬಕೆಟ್ಟಿನಲ್ಲಿ ನೆನೆಸಿ, ಒಂದು ಶ್ಲೋಕ ಹೇಳಿ, ಸಂಪಿಗೆ ಮರದ ಬುಡದಲ್ಲಿ ಹೂಳುತ್ತಾರೆ. ಪ್ಲಾಸ್ಟಿಕ್ ಲೇಪ ಇರುವುದು ಮಾತ್ರ ಒಣ ಕಸಕ್ಕೆ, ಅಜ್ಜಿ ಆ ಕಡೆ ತಿರುಗಿದಾಗ.